ತಾಟಿನಿಂದ ತೆಗೆದದ್ದು ಎಲ್ಲಿ ಹೋಯಿತು? ತಪಸ್ಸು ಕಾಲದ ಉಪವಾಸದ ಲೆಕ್ಕ

(ಈಸ್ಟರ್ ಹಬ್ಬಕ್ಕೆ ಮೊದಲು ಕ್ರೈಸ್ತರು ಆಚರಿಸುವ ನಲವತ್ತು ದಿನದ ತಪಸ್ಸು ಕಾಲದ ತಯಾರಿಗೆಂದು ಬೆಳಗಾವಿಯಲ್ಲಿ ಕೊಟ್ಟ ಉಪನ್ಯಾಸದ ಬರಹ ರೂಪ. ಕೇಳುಗರಲ್ಲಿ ಕ್ರೈಸ್ತರಲ್ಲದವರೂ ಇದ್ದುದರಿಂದ ಕೆಲವು ಸಂಗತಿಗಳನ್ನು ಬಿಡಿಸಿ ಹೇಳಿದೆ.)

ಉಪವಾಸ ಅಂದರೇನು ಅಂತ ಈ ಭಾಗದವರಿಗೆ ಹೇಳಿಕೊಡಬೇಕಾಗಿಲ್ಲ. ಸೋಮವಾರ ಒಪ್ಪತ್ತು ಮಾಡುವವರು, ಏಕಾದಶಿ ಹಿಡಿಯುವವರು, ರೋಜಾ ಇಡುವವರು ಎಲ್ಲರೂ ಒಂದೇ ಓಣಿಯಲ್ಲಿದ್ದಾರೆ. 2026ರಲ್ಲಂತೂ ಶಿವರಾತ್ರಿ ಫೆಬ್ರುವರಿ 15ಕ್ಕೆ, ಹಣೆಗೆ ಬೂದಿ ಹಚ್ಚಿಸಿಕೊಂಡು ತಪಸ್ಸು ಕಾಲ ಶುರುಮಾಡುವ ವಿಭೂತಿ ಬುಧವಾರ 18ಕ್ಕೆ, ಅದರ ಬೆನ್ನಿಗೇ ರಂಜಾನ್. ಹಾಗಿದ್ದರೂ ಕ್ರೈಸ್ತರ ನಲವತ್ತು ದಿನದ ಬಗ್ಗೆ ತಪ್ಪು ತಿಳಿವಳಿಕೆ ಬಹಳ. "ನಲವತ್ತು ದಿನ ಏನೂ ತಿನ್ನೂದಿಲ್ಲೇನ್ರಿ?" ಅಂತ ನೆರೆಯವರು ಕೇಳುತ್ತಾರೆ. "ಮಟನ್ ಬಿಟ್ರ ಆತು" ಅಂತ ಕ್ರೈಸ್ತರೇ ಹೇಳಿಬಿಡುತ್ತಾರೆ. ಎರಡೂ ಸರಿಯಲ್ಲ.

ಕಥೋಲಿಕ ಸಭೆಯ (ಚರ್ಚಿನ) ಕಾನೂನು ನಿಜಕ್ಕೂ ಬಹಳ ಚಿಕ್ಕದು. ಉಪವಾಸ ಕಡ್ಡಾಯ ಇರುವುದು ವರ್ಷಕ್ಕೆ ಎರಡೇ ದಿನ, ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರ (ಗುಡ್ ಫ್ರೈಡೇ). ಅದು 18 ತುಂಬಿದವರಿಗೆ, 59 ತುಂಬುವ ತನಕ. ಮಾಂಸ ಬಿಡುವುದು ಬೇರೆಯೇ ನೇಮ. ಅದು 14 ತುಂಬಿದ ಎಲ್ಲರಿಗೂ, ಆ ಎರಡು ದಿನದ ಜೊತೆಗೆ ತಪಸ್ಸು ಕಾಲದ ಶುಕ್ರವಾರಗಳಿಗೂ ಅನ್ವಯ. ಅದಕ್ಕೆ 59ರ ಮೇಲ್ಮಿತಿಯೂ ಇಲ್ಲ. ಪೋಪ್ ಆರನೇ ಪೌಲರು 1966ರಲ್ಲಿ ಹಳೆಯ ಕಟ್ಟುನಿಟ್ಟನ್ನು ಸಡಿಲಿಸಿದರು. ಇಂದಿನ ವಯಸ್ಸಿನ ಮಿತಿ 1983ರ ಕಾನೂನು ಸಂಹಿತೆಯದು. ಉಪವಾಸದ ದಿನ ಹೊಟ್ಟೆ ತುಂಬ ಊಟ ಒಂದೇ ಹೊತ್ತು. ಮುಂಜಾನೆ, ರಾತ್ರಿ ಸ್ವಲ್ಪ ತಿನ್ನಲು ಅಡ್ಡಿಯಿಲ್ಲ, ಆದರೆ ರೂಢಿಯ ಅಳತೆ ಪ್ರಕಾರ ಆ ಎರಡೂ ಕೂಡಿ ದೊಡ್ಡ ಊಟದಷ್ಟು ಆಗಬಾರದು. ನೀರಿಗೆ, ಔಷಧಿಗೆ ನಿರ್ಬಂಧ ಇಲ್ಲ. ಮೀನು, ಮೊಟ್ಟೆ, ಹಾಲು, ತುಪ್ಪ ಮಾಂಸದ ಲೆಕ್ಕಕ್ಕೆ ಬರುವುದಿಲ್ಲ. ಕೋಳಿ ಬರುತ್ತದೆ, ಅದರ ಬಗ್ಗೆ ಪ್ರತಿ ವರ್ಷ ನಡೆಯುವ ವಾದವನ್ನು ಇನ್ನು ನಿಲ್ಲಿಸಬಹುದು.

ಉಳಿದ ಸಭೆಗಳಲ್ಲಿ ಪದ್ಧತಿ ಬೇರೆ. ಪ್ರೊಟೆಸ್ಟಂಟರ ಲಂಡನ್ ಮಿಶನ್ ಬೆಳಗಾವಿಗೆ 1820ರಲ್ಲಿ ಬಂತು, ಆ ಕೆಲಸ 1904ರಲ್ಲಿ ಮೆಥೊಡಿಸ್ಟರ ಕೈಗೆ ಹೋಯಿತು. ಗುಳೇದಗುಡ್ಡಕ್ಕೆ ಬಾಸೆಲ್ ಮಿಶನ್ ಬಂದದ್ದು 1851ರಲ್ಲಿ. ಈ ಪರಂಪರೆಯ ಸಭೆಗಳಲ್ಲಿ ಇದನ್ನು ತಿನ್ನಬೇಡ, ಅದನ್ನು ತಿನ್ನಬೇಡ ಎಂಬ ಕಾನೂನು ಇಲ್ಲ. ಉಪವಾಸ ಪ್ರಾರ್ಥನೆಯ ರೂಢಿ ಇದೆ. ಮೆಥೊಡಿಸ್ಟ್ ಚಳವಳಿ ಕಟ್ಟಿದ ಜಾನ್ ವೆಸ್ಲಿ ಸ್ವತಃ ಶುಕ್ರವಾರದ ಉಪವಾಸವನ್ನು ಬಿಡದೆ ಬೋಧಿಸಿದವರು ಎಂಬುದನ್ನು ಮಾತ್ರ ಅವರ ಸಭೆಯವರೇ ಮರೆತಿರುತ್ತಾರೆ. ಇನ್ನು ಕೇರಳದಿಂದ ಬಂದ ಸಿರೋ ಮಲಬಾರ್ ಸಭೆಯ ಕುಟುಂಬಗಳಲ್ಲಿ ಇದು ಐವತ್ತು ದಿನದ ನೋಂಬು, ಅಂದರೆ ವ್ರತ. ಅದು ಬುಧವಾರಕ್ಕೆ ಕಾಯುವುದಿಲ್ಲ, ಅದಕ್ಕೂ ಎರಡು ದಿನ ಮೊದಲು ಸೋಮವಾರವೇ ಶುರು.

ಈಗ ದಿನಗಳ ಲೆಕ್ಕ. ವಿಭೂತಿ ಬುಧವಾರದಿಂದ ಈಸ್ಟರ್ ಹಿಂದಿನ ದಿನವಾದ ಪವಿತ್ರ ಶನಿವಾರದವರೆಗೆ ಎಣಿಸಿದರೆ 46 ದಿನ. ಅದರಲ್ಲಿ ಆರು ರವಿವಾರ. ರವಿವಾರ ಯೇಸುವಿನ ಪುನರುತ್ಥಾನದ ದಿನ, ಉಪವಾಸದ ದಿನವಲ್ಲ; ಅವನ್ನು ಕಳೆದರೆ ನಲವತ್ತು. ಈಸ್ಟರ್ ಬರುವುದು ಮಾರ್ಚ್ 21ರಂದು ಅಥವಾ ಅದರ ನಂತರ ಬೀಳುವ ಹುಣ್ಣಿಮೆ ಕಳೆದ ಮೊದಲ ರವಿವಾರ. ಹಾಗಾಗಿ ನಮ್ಮ ಲೆಕ್ಕದಲ್ಲಿ ಅದು ಸಾಮಾನ್ಯವಾಗಿ ಹೋಳಿ ಹುಣ್ಣಿಮೆಯ ಬೆನ್ನಿಗೆ ಬರುತ್ತದೆ, ಇಲ್ಲವೇ ದವನದ ಹುಣ್ಣಿಮೆಯ ಬೆನ್ನಿಗೆ. 2026ರಲ್ಲಿ ಏಪ್ರಿಲ್ 5, ದವನದ ಹುಣ್ಣಿಮೆ ಆದಮೇಲೆ. 2027ರಲ್ಲಿ ಮಾರ್ಚ್ 28, ಹೋಳಿ ಹುಣ್ಣಿಮೆ ಆದಮೇಲೆ. ಅಂದರೆ 2027ರಲ್ಲಿ ಬಾಗಲಕೋಟೆಯ ಓಣಿಗಳಲ್ಲಿ ಬಣ್ಣದ ಬಂಡಿ, ಹಲಗಿ ಸದ್ದು ಇರುವ ದಿನಗಳಲ್ಲೇ ಚರ್ಚಿನೊಳಗೆ ಪವಿತ್ರ ವಾರ, ಅಂದರೆ ಈಸ್ಟರ್ ಹಿಂದಿನ ವಾರ. ಯೇಸು ಶಿಲುಬೆ ಹೊತ್ತು ನಡೆದುದನ್ನು ನೆನೆಯುವ ಶಿಲುಬೆ ಹಾದಿಯ ಪ್ರಾರ್ಥನೆಗೆ ಹೋಗುವವರು ಬಿಳಿ ಬಟ್ಟೆಯ ಆಸೆ ಬಿಡುವುದು ಲೇಸು.

ಅದೇ 2027ರಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಮಾರ್ಚ್ 19ರ ಸಂತ ಜೋಸೆಫರ ಮಹೋತ್ಸವ (ಸಭೆಯ ಅತಿ ದೊಡ್ಡ ದರ್ಜೆಯ ಹಬ್ಬ) ಶುಕ್ರವಾರವೇ ಬೀಳುತ್ತದೆ. ಮಹೋತ್ಸವ ಬಿದ್ದ ಶುಕ್ರವಾರ ಮಾಂಸದ ನಿಷೇಧ ಇರುವುದಿಲ್ಲ. ಆ ದಿನ ಕೋಳಿ ಮಾಡಿದವರನ್ನು ಬೈಯುವ ಮೊದಲು ಕ್ಯಾಲೆಂಡರ್ ನೋಡಬೇಕು.

ವಿಭೂತಿಯ ತಯಾರಿ ಬಗ್ಗೆ ದೇವಾಲಯದ ಕೆಲಸ ನೋಡುವವರಿಗೆ ಒಂದೆರಡು ಮಾತು. ಹಿಂದಿನ ವರ್ಷದ ಗರಿಗಳ ರವಿವಾರದಲ್ಲಿ (ಈಸ್ಟರ್ ಹಿಂದಿನ ರವಿವಾರ) ಹಂಚಿದ ಗರಿಗಳನ್ನೇ ಸುಡಬೇಕು. ಮನೆಮನೆಯ ಗೋಡೆಗೆ ಸಿಕ್ಕಿಸಿದ ಗರಿಗಳನ್ನು ವಿಭೂತಿ ಬುಧವಾರಕ್ಕೆ ಮುಂಚಿನ ಎರಡು ರವಿವಾರ ತರಿಸಿಕೊಂಡು, ಬಿಸಿಲಿಗೆ ಗರಗರ ಒಣಗಿಸಿ, ಚೂರು ಮಾಡಿ, ದಪ್ಪ ಕಬ್ಬಿಣದ ಬಾಣಲೆಯಲ್ಲಿ ಬಯಲಿನಲ್ಲಿ ಸುಡಿ. ಹಸಿ ಉಳಿದರೆ ಅರೆಬೆಂದು ಕರಿ ಚಕ್ಕೆ ಆಗುತ್ತದೆ, ಹಣೆಗೆ ಅಂಟುವುದಿಲ್ಲ. ಪೂರ್ತಿ ಆರಿದ ಮೇಲೆ ಕುಟ್ಟಿ ತೆಳು ಬಟ್ಟೆಯಲ್ಲಿ ಸೋಸಿ. ಅಂಟಲಿ ಎಂದು ನೀರು ಹಾಕಿ ಕಲಸಿ ಇಡಬೇಡಿ. ಬೂದಿಯಲ್ಲಿ ಕ್ಷಾರ ಇರುತ್ತದೆ, ನೀರು ಸೇರಿದರೆ ಚರ್ಮ ಉರಿಯುತ್ತದೆ, ಮಕ್ಕಳ ಹಣೆ ಕೆಂಪಾಗುತ್ತದೆ. ಒಣಗಿದ್ದನ್ನೇ ಹಚ್ಚಿ, ತೀರಾ ಉದುರಿದರೆ ಎರಡು ಹನಿ ಕೊಬ್ಬರಿ ಎಣ್ಣೆ ಸಾಕು.

ಇನ್ನು ಊಟ. "ಒಂದು ಹೊತ್ತು ಹೊಟ್ಟೆ ತುಂಬ, ಎರಡು ಹೊತ್ತು ಸ್ವಲ್ಪ" ಎಂಬುದನ್ನು ಕಣ್ಣಂದಾಜಿಗೆ ಬಿಟ್ಟರೆ ಸ್ವಲ್ಪ ಎಂಬುದು ಬೆಳೆಯುತ್ತ ಹೋಗುತ್ತದೆ. ಹಿಟ್ಟು ತೂಗಿ ನೋಡಿ. ಮಧ್ಯಾಹ್ನಕ್ಕೆ ಎರಡು ಜೋಳದ ರೊಟ್ಟಿ, ಒಂದಕ್ಕೆ 50 ಗ್ರಾಂ ಹಿಟ್ಟು. 40 ಗ್ರಾಂ ಮಡಕಿ ಕಾಳು ಅಥವಾ ಹೆಸರುಕಾಳಿನ ಪಲ್ಯ. ಹಸಿ ಗಜ್ಜರಿ, ಸೌತಿಕಾಯಿ, ಮೆಂತ್ಯೆ ಸೊಪ್ಪು. ಒಂದು ಬಟ್ಟಲು ಮಜ್ಜಿಗೆ ಅನ್ನ, ಅದಕ್ಕೆ ಅಕ್ಕಿ 30 ಗ್ರಾಂ. ಕಾಳುಕಡಿ ಕೂಡಿ 170 ಗ್ರಾಂ ಆಯಿತು. ಮುಂಜಾನೆ ಒಂದು ಲೋಟ ಅಂಬಲಿಗೆ 20 ಗ್ರಾಂ ಹಿಟ್ಟು, ರಾತ್ರಿ ಒಂದು ಬಟ್ಟಲು ಜೋಳದ ನುಚ್ಚಿಗೆ 50 ಗ್ರಾಂ ನುಚ್ಚು. ಎರಡೂ ಕೂಡಿ 70, ಮಧ್ಯಾಹ್ನದ ಅರ್ಧವೂ ಇಲ್ಲ. ಕಾನೂನು ಕೇಳುವುದು ಇಷ್ಟೇ. ಶೇಂಗಾ ಚಟ್ನಿ, ಅಗಸಿ ಚಟ್ನಿ ಒಂದು ಚಮಚ ಇರಲಿ. ಖಾರದ ಕೆಂಪು ಚಟ್ನಿ ಖಾಲಿ ಹೊಟ್ಟೆಗೆ ಬೇಡ.

ಅಂಬಲಿ ಸರಳ ಅನ್ನಿಸಿದರೂ ಮೊದಲ ಸಲ ಮಾಡುವವರು ಎರಡು ಕಡೆ ಎಡವುತ್ತಾರೆ. ಹಿಟ್ಟನ್ನು ನೇರ ಕುದಿಯುವ ನೀರಿಗೆ ಸುರಿದರೆ ಹೊರಗಿನ ಪದರ ಕೂಡಲೇ ಬೆಂದು ಒಳಗೆ ಒಣಹಿಟ್ಟು ಉಳಿಯುತ್ತದೆ, ಅದೇ ಗಂಟು. ಮೊದಲು ಅರ್ಧ ಬಟ್ಟಲು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಒಂದೂವರೆ ಬಟ್ಟಲು ಕುದಿಯುವ ನೀರಿಗೆ ಒಂದು ಕೈಯಿಂದ ಸುರಿಯುತ್ತ ಇನ್ನೊಂದು ಕೈಯಿಂದ ತಿರುವಬೇಕು. ಸಣ್ಣ ಉರಿಯಲ್ಲಿ ಎಂಟು ಹತ್ತು ನಿಮಿಷ ಬೇಯಲಿ. ಹಸಿ ವಾಸನೆ ಹೋಗಿ ಮೇಲೆ ಹೊಳಪು ಬಂದರೆ ಬೆಂದಂತೆ. ಉಪ್ಪು ಹಾಕಿ ಪೂರ್ತಿ ಆರಲು ಬಿಡಿ. ಮಜ್ಜಿಗೆ ಹಾಕುವುದು ಆರಿದ ಮೇಲೆಯೇ. ಬಿಸಿ ಇರುವಾಗ ಹಾಕಿದರೆ ಒಡೆದು ನೀರು ಬೇರೆ, ಮೊಸರು ಬೇರೆ ಆಗುತ್ತದೆ. ಜಜ್ಜಿದ ಜೀರಿಗೆ, ಹೆಚ್ಚಿದ ಉಳ್ಳಾಗಡ್ಡಿ ಬೇಕಾದರೆ ಹಾಕಿಕೊಳ್ಳಿ.

ಇಲ್ಲಿ ಬದಲಿ ಆಹಾರದ ಮಾತು ಬರುತ್ತದೆ. ಬೆಳಗಾವಿ ಕಡೆ ಎಲ್ಲರಿಗೂ ಗೊತ್ತಿರುವ ಮರಾಠಿ ಮಾತು ಒಂದಿದೆ: "ಏಕಾದಶಿ, ದುಪ್ಪಟ್ ಖಾಶಿ". ಉಪವಾಸದ ದಿನವೇ ಎರಡು ಪಟ್ಟು ತಿನ್ನುವವರನ್ನು ಕುರಿತದ್ದು. ಶುಕ್ರವಾರ ಶಿಲುಬೆ ಹಾದಿ ಮುಗಿಸಿ ಬಂದು ಸಾಬೂದಾಣಿ ಖಿಚಡಿಗೆ ಕೂಡುವ ನಮ್ಮವರಿಗೂ ಅದು ಸಲ್ಲುತ್ತದೆ. 75 ಗ್ರಾಂ ಸಾಬೂದಾಣಿ, 30 ಗ್ರಾಂ ಶೇಂಗಾ ಪುಡಿ, ಒಂದು ದೊಡ್ಡ ಚಮಚ ತುಪ್ಪ ಅಂದರೆ ಸುಮಾರು 550 ಕ್ಯಾಲೊರಿ. 100 ಗ್ರಾಂ ಹಿಟ್ಟಿನ ಎರಡು ರೊಟ್ಟಿಯಲ್ಲಿ ಸುಮಾರು 340. ಸಾಬೂದಾಣಿ ಬಹುತೇಕ ಬರೀ ಪಿಷ್ಟ, ಅದರಲ್ಲಿ ಪ್ರೋಟೀನು ಇಲ್ಲವೆಂದೇ ಹೇಳಬೇಕು. ಶೇಂಗಾ ಕೈಬಿಟ್ಟು ಮಾಡಿದರೆ ಬೇಗ ಮತ್ತೆ ಹಸಿವು. ತಿಂದದ್ದೂ ಹೆಚ್ಚು, ಹಸಿದದ್ದೂ ಹೆಚ್ಚು.

ದ್ರವ ಪದಾರ್ಥದಿಂದ ಉಪವಾಸ ಮುರಿಯುವುದಿಲ್ಲ ಎಂಬ ಹಳೆಯ ಸೂತ್ರವನ್ನು ಹಿಡಿದುಕೊಂಡು ಕಬ್ಬಿನ ಹಾಲು ಕುಡಿಯುವವರು ಇದ್ದಾರೆ. ತಪಸ್ಸು ಕಾಲ ಬರುವುದು ಕಬ್ಬಿನ ಹಂಗಾಮಿನ ಕೊನೆಗೆ, ಗಾಣಗಳು ರಸ್ತೆಬದಿಯಲ್ಲೇ ಇರುತ್ತವೆ. ಕಾಲು ಲೀಟರ್ ಕಬ್ಬಿನ ಹಾಲಿನಲ್ಲಿ ಸುಮಾರು 35 ಗ್ರಾಂ ಸಕ್ಕರೆ. ಸೂತ್ರ ಉಳಿಯಿತು, ಉಪವಾಸ ಹೋಯಿತು. ಬಾಯಾರಿದರೆ ನೀರು ಕುಡಿಯಿರಿ, ತೆಳು ಮಜ್ಜಿಗೆ ಕುಡಿಯಿರಿ. ವಿಜಯಪುರ ಜಿಲ್ಲೆಯ ಇಂಡಿ ಊರಿನ ನಿಂಬೆಹಣ್ಣು ಸಿಗುವ ಕಾಲ, ಚಿಟಿಕೆ ಉಪ್ಪು ಹಾಕಿದ ಒಂದು ಲೋಟ ಪಾನಕಕ್ಕೆ ಯಾರೂ ಬೇಡ ಅನ್ನುವುದಿಲ್ಲ.

ಮೀನಿನ ಸಂಗತಿ ಇನ್ನೂ ತಮಾಷೆಯದು. ಗೋವಾ ಹತ್ತಿರ ಇರುವುದರಿಂದ ಬೆಳಗಾವಿಯಲ್ಲಿ ಸಮುದ್ರದ ಮೀನಿಗೆ ಕೊರತೆ ಇಲ್ಲ. ಶುಕ್ರವಾರ ಮಟನ್ ಬಿಟ್ಟು ಸುರಮಯಿ ತಂದು ತವಾದಲ್ಲಿ ಹುರಿದರೆ ಕಾನೂನು ಪಾಲಿಸಿದಂತೆಯೇ. ದೊಡ್ಡ ಸುರಮಯಿಯ ದರ ಮಟನ್ ದರಕ್ಕೆ ಪೈಪೋಟಿ ಕೊಡುತ್ತದೆ ಎಂಬುದು ಪೇಟೆಗೆ ಹೋಗುವವರಿಗೆ ಗೊತ್ತು. ಪನೀರಿನದೂ ಅದೇ ಕಥೆ. ಐದನೇ ಶತಮಾನದ ಪೋಪ್ ಮಹಾ ಲಿಯೋ ಅವರ ತಪಸ್ಸು ಕಾಲದ ಬೋಧನೆಗಳಲ್ಲಿ ಮತ್ತೆ ಮತ್ತೆ ಬರುವ ವಿಚಾರ ಒಂದೇ: ಉಪವಾಸದಿಂದ ಉಳಿದದ್ದು ಬಡವರ ಹೊಟ್ಟೆಗೆ ಹೋಗಬೇಕು. ಯೆಶಾಯನ ಗ್ರಂಥದ 58ನೇ ಅಧ್ಯಾಯದಲ್ಲಿ ದೇವರು ತನಗೆ ಮೆಚ್ಚುಗೆಯಾದ ಉಪವಾಸ ಯಾವುದೆಂದು ಹೇಳುವಾಗಲೂ ಹಸಿದವರಿಗೆ ಅನ್ನ ಹಂಚುವುದು ಬರುತ್ತದೆ. ಉಳಿದದ್ದೇ ಇಲ್ಲದಿದ್ದರೆ ಹಂಚುವುದೇನು?

ಅದಕ್ಕೆ ನಾವು ಹೇಳುವುದು, ಮನೆಯಲ್ಲಿ ಒಂದು ಲೆಕ್ಕದ ಹಾಳೆ ಇರಲಿ. ಅಡುಗೆಮನೆಯ ಕ್ಯಾಲೆಂಡರೇ ಸಾಕು. ಶುಕ್ರವಾರದ ಚೌಕದಲ್ಲಿ ಎರಡು ಅಂಕಿ ಬರೆಯಿರಿ: ಎಂದಿನಂತೆ ಆಗಿದ್ದರೆ ಎಷ್ಟು ಖರ್ಚಾಗುತ್ತಿತ್ತು, ಈ ದಿನ ಎಷ್ಟಾಯಿತು. ವ್ಯತ್ಯಾಸವನ್ನು ಅದೇ ಸಂಜೆ ಡಬ್ಬಿಗೆ ಹಾಕಿ. ತಿಂಗಳ ಕೊನೆಗೆ ಒಟ್ಟು ಹಾಕೋಣ ಅಂದರೆ ಆಗುವುದಿಲ್ಲ, ಅಷ್ಟರಲ್ಲಿ ಆ ದುಡ್ಡು ಗ್ಯಾಸಿಗೋ ಕರೆಂಟ್ ಬಿಲ್ಲಿಗೋ ಹೋಗಿರುತ್ತದೆ. ಕುಂದಾ ಬಿಟ್ಟವರು, ಗೋಕಾಕದ ಕರದಂಟು ಬಿಟ್ಟವರು, ಸಿಗರೇಟು ಬಿಟ್ಟವರು ಅದರ ದರವನ್ನೂ ಬರೆಯಲಿ. ಮಕ್ಕಳಿಗೆ ಉಪವಾಸ ಇಲ್ಲ, ಆದರೆ ಅಂಕಿ ಬರೆಯುವ ಕೆಲಸ ಅವರಿಗೆ ಕೊಟ್ಟರೆ ಸುಳ್ಳು ನುಸುಳುವುದಿಲ್ಲ. ಕಥೋಲಿಕ ಸಭೆಯ ಸೇವಾ ಸಂಸ್ಥೆ ಕಾರಿತಾಸ್ ಇಂಡಿಯಾ ಪ್ರತಿ ತಪಸ್ಸು ಕಾಲದಲ್ಲಿ ಹಸಿವು ಮತ್ತು ರೋಗದ ವಿರುದ್ಧ ಅಭಿಯಾನ ನಡೆಸುತ್ತದೆ, ಡಬ್ಬಿಯ ದುಡ್ಡು ಧರ್ಮಕೇಂದ್ರದ (ಊರಿನ ಚರ್ಚಿನ) ಮೂಲಕ ಅಲ್ಲಿಗೆ ಹೋಗಬಹುದು. ಓಣಿಯಲ್ಲೇ ಔಷಧಿಗೆ ದುಡ್ಡಿಲ್ಲದವರು ಇದ್ದರೆ ಅಲ್ಲಿಗೂ ಹೋಗಬಹುದು. ವರ್ಷದ ಕೊನೆಯ ಸೀರೆಗೆ ಮಾತ್ರ ಹೋಗಬಾರದು.

ಈಗ ದೇಹದ ಮಾತು. ವಿಭೂತಿ ಬುಧವಾರ ಮಧ್ಯಾಹ್ನದ ಹೊತ್ತಿಗೆ ತಲೆಶೂಲೆ ಬಂತು ಅನ್ನುವವರಲ್ಲಿ ಬಹಳ ಮಂದಿಗೆ ಅದು ಹಸಿವಿನದಲ್ಲ, ಚಹಾದ್ದು. ದಿನಕ್ಕೆ ಐದಾರು ಕಪ್ ಕುಡಿಯುವವರು ಒಮ್ಮೆಲೇ ಬಿಟ್ಟರೆ 12ರಿಂದ 24 ತಾಸಿನಲ್ಲಿ ತಲೆನೋವು ಶುರುವಾಗಿ, ಒಂದೆರಡು ದಿನಕ್ಕೆ ಜೋರಾಗಿ, ಒಂಬತ್ತು ದಿನದ ತನಕವೂ ಎಳೆಯಬಹುದು. ಚಹಾ ಬಿಡುವ ಮನಸ್ಸಿದ್ದರೆ ಹತ್ತು ಹನ್ನೆರಡು ದಿನ ಮೊದಲೇ ಎರಡು ದಿನಕ್ಕೊಂದು ಕಪ್ಪಿನಂತೆ ಇಳಿಸುತ್ತ ಬನ್ನಿ. ಬಿಡುವ ಮನಸ್ಸಿಲ್ಲದಿದ್ದರೆ ಮುಂಜಾನೆ ಒಂದು ಕಪ್ ಕುಡಿಯಿರಿ, ಕಾನೂನು ಚಹಾವನ್ನು ನಿಷೇಧಿಸಿಲ್ಲ. ತಲೆನೋವಿಗೆಂದು ಖಾಲಿ ಹೊಟ್ಟೆಯಲ್ಲಿ ನೋವಿನ ಗುಳಿಗೆ ನುಂಗುವುದು ಎಲ್ಲಕ್ಕಿಂತ ಕೆಟ್ಟ ದಾರಿ. ಹೊಟ್ಟೆ ಹುಣ್ಣಿಗೆ ಅದು ನೇರ ಆಹ್ವಾನ.

ಸಕ್ಕರೆ ಕಾಯಿಲೆಯವರ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಇನ್ಸುಲಿನ್ ತೆಗೆದುಕೊಳ್ಳುವವರು, ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್ ತರಹದ ಗುಳಿಗೆ ನುಂಗುವವರು ಊಟ ತಪ್ಪಿಸಿದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯುತ್ತದೆ. ಔಷಧಿ ತನ್ನ ಕೆಲಸ ಮಾಡುತ್ತಲೇ ಇರುತ್ತದೆ, ಇಳಿಸಲು ಊಟದ ಸಕ್ಕರೆ ಇರುವುದಿಲ್ಲ. ಡಾಪಾಗ್ಲಿಫ್ಲೋಜಿನ್ ಗುಂಪಿನ ಗುಳಿಗೆಯವರಿಗೆ ತೊಂದರೆ ಬೇರೆ: ಮೂತ್ರದಲ್ಲಿ ಸಕ್ಕರೆಯ ಜೊತೆ ನೀರೂ ಹೋಗುತ್ತದೆ, ಉಪವಾಸದಲ್ಲಿ ರಕ್ತದಲ್ಲಿ ಕೀಟೋನ್ ಆಮ್ಲ ಏರುವ ಅಪಾಯವೂ ಇದೆ. ಬೆವರು, ಕೈನಡುಕ, ಎದೆಬಡಿತ, ಮಾತು ತಡವರಿಸುವುದು ಕಂಡರೆ ಸಕ್ಕರೆ ಪರೀಕ್ಷೆ ಮಾಡಿ. 70 ಮಿಲಿಗ್ರಾಂಗಿಂತ ಕೆಳಗಿದ್ದರೆ ಉಪವಾಸ ಅಲ್ಲಿಗೇ ಮುಗಿಯಿತು. ಮೂರು ಚಮಚ ಸಕ್ಕರೆ ನೀರಿನಲ್ಲಿ ಕರಗಿಸಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಿ, ಏರದಿದ್ದರೆ ಮತ್ತೊಮ್ಮೆ. ಏರಿದ ಮೇಲೆ ಊಟ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನೂ ಹಾಕಬೇಡಿ, ಆಸ್ಪತ್ರೆಗೆ ಒಯ್ಯಿರಿ. ಗುಳಿಗೆಯನ್ನು ತಾವೇ ಬಿಡುವುದು, ಅರ್ಧ ಮಾಡುವುದು ಬೇಡ. ಬುಧವಾರಕ್ಕೆ ಹತ್ತು ದಿನ ಇರುವಾಗಲೇ ಡಾಕ್ಟರನ್ನು ಕೇಳಿ. ಇಷ್ಟಕ್ಕೂ ಕಾಯಿಲೆಯವರು, ಬಸುರಿಯರು, ಬಾಣಂತಿಯರು ಈ ಕಟ್ಟಿಗೆ ಒಳಪಟ್ಟವರಲ್ಲ. ವಿನಾಯಿತಿ ತೆಗೆದುಕೊಂಡವರು ಕಡಿಮೆ ಭಕ್ತರು ಎಂಬ ಭಾವನೆ ನಮ್ಮ ಹಿರಿಯರಲ್ಲಿ ಗಟ್ಟಿಯಾಗಿ ಕೂತಿದೆ. ಎಪ್ಪತ್ತು ದಾಟಿದ ಅಜ್ಜಿಯರೇ ಹೆಚ್ಚು ಹಟ ಹಿಡಿಯುತ್ತಾರೆ. ಅವರಿಗೆ ತಿಳಿಸಿ ಹೇಳಬೇಕಾದವರು ಮನೆಯವರಲ್ಲ, ಚರ್ಚಿನ ಗುರುಗಳು. ಮನೆಯವರ ಮಾತು ಅವರು ಕೇಳುವುದಿಲ್ಲ.

ದುಡಿಯುವವರದೂ ಇದೇ. ವಿಜಯಪುರ ಕಡೆ ಹಿಂಗಾರಿ ಜೋಳದ ಕೊಯ್ಲು, ಬೆಳಗಾವಿ, ಬಾಗಲಕೋಟೆಯಲ್ಲಿ ಕಬ್ಬು ಕಡಿಯುವುದು, ಎಲ್ಲ ಇದೇ ಫೆಬ್ರುವರಿ, ಮಾರ್ಚಿನಲ್ಲಿ. ಮುಂಜಾನೆಯಿಂದ ಬಿಸಿಲಲ್ಲಿ ಬಗ್ಗಿ ಕಡಿಯುವವರಿಗೆ ಅಂಬಲಿಯ ಮೇಲೆ ಇರು ಅನ್ನುವುದು ಸಭೆಯ ಬುದ್ಧಿಯಲ್ಲ. ಭಾರೀ ಮೈಕೆಲಸ ಮಾಡುವವರಿಗೆ ಹಿಂದಿನಿಂದಲೂ ರಿಯಾಯಿತಿ ಇದೆ, ಧರ್ಮಕೇಂದ್ರದ ಗುರುಗಳಿಗೆ ಆ ದಿನದ ಕಟ್ಟನ್ನು ಬೇರೆ ಪುಣ್ಯಕಾರ್ಯಕ್ಕೆ ಬದಲಿಸಿಕೊಡುವ ಅಧಿಕಾರವೂ ಇದೆ. ಅವರು ಮಾಂಸ ಬಿಟ್ಟು ರೊಟ್ಟಿ ಪಲ್ಯ ಹೊಟ್ಟೆ ತುಂಬ ಉಣ್ಣಲಿ. ಆಫೀಸಿನಲ್ಲಿ ಫ್ಯಾನ್ ಕೆಳಗೆ ಕೂಡುವವರು ಇದೇ ರಿಯಾಯಿತಿ ಕೇಳಬಾರದು, ಅಷ್ಟೇ.

ಆಮಂತ್ರಣಗಳ ಸಮಸ್ಯೆ ನಮ್ಮಲ್ಲಿ ದೊಡ್ಡದು. ಕ್ರೈಸ್ತರ ಮದುವೆಗಳು ಈ ಕಾಲದಲ್ಲಿ ಸಾಮಾನ್ಯವಾಗಿ ಇರುವುದಿಲ್ಲ, ಆದರೆ ನೆರೆಯವರ ಮದುವೆ, ಮನೆಶಾಂತಿ, ಜಾತ್ರೆ ನಿಲ್ಲುವುದಿಲ್ಲ. ವಿಭೂತಿ ಬುಧವಾರವೇ ಮದುವೆ ಊಟ ಬಂದರೆ ಅದನ್ನೇ ಆ ದಿನದ ದೊಡ್ಡ ಊಟ ಮಾಡಿಕೊಳ್ಳಿ. ಊಟ ಯಾವ ಹೊತ್ತಿಗೆ ಇರಬೇಕು ಎಂಬ ಕಟ್ಟು ಇಲ್ಲ, ಮುಂಜಾನೆ, ರಾತ್ರಿ ಇಳಿಸಿದರೆ ಆಯಿತು. ಹೋಳಿಗೆ ಬಡಿಸಿದರೆ ತಿನ್ನಿ. "ನಂದು ಉಪವಾಸ ಐತಿ" ಅಂತ ಪಂಕ್ತಿಯಲ್ಲಿ ಸಾರುವುದನ್ನು ವಿಭೂತಿ ಬುಧವಾರ ಓದುವ ಮತ್ತಾಯನ ಆರನೇ ಅಧ್ಯಾಯವೇ ಬೇಡ ಅನ್ನುತ್ತದೆ: ಮುಖ ತೊಳೆದು, ತಲೆಗೆ ಎಣ್ಣೆ ಹಚ್ಚಿಕೊಂಡು ಇರಬೇಕು, ಸಪ್ಪೆ ಮುಖ ಮಾಡಬಾರದು.

ಶುಭ ಶುಕ್ರವಾರ ಮಾತ್ರ ಬೇರೆ ತಯಾರಿ ಬೇಕು. ಮಧ್ಯಾಹ್ನ ಮೂರರ ಹೊತ್ತಿನ ಆರಾಧನೆ, ಅದಕ್ಕೂ ಮೊದಲು ಬಯಲಲ್ಲಿ ಹದಿನಾಲ್ಕು ಸ್ಥಳಗಳ ಶಿಲುಬೆ ಹಾದಿ, ವಿಜಯಪುರದಲ್ಲಿ ನಲವತ್ತು ಡಿಗ್ರಿ ಹತ್ತಿರದ ಬಿಸಿಲು. ಜನ ಬೀಳುವುದು ಹಸಿವಿನಿಂದ ಅಂದುಕೊಳ್ಳುತ್ತಾರೆ. ಹೆಚ್ಚಾಗಿ ಅದು ನೀರು ಕಡಿಮೆಯಾಗಿ. ಬಹಳ ಹೊತ್ತು ಕಾಲು ಬಿಗಿಹಿಡಿದು ನಿಂತಾಗ ರಕ್ತ ಕಾಲಲ್ಲೇ ಉಳಿಯುತ್ತದೆ, ಮಿದುಳಿಗೆ ಸಾಲುವುದಿಲ್ಲ. ಹೊರಡುವ ಒಂದು ತಾಸು ಮೊದಲು ಎರಡು ಲೋಟ ನೀರು, ಅದರಲ್ಲೊಂದು ಉಪ್ಪು ಹಾಕಿದ ಮಜ್ಜಿಗೆ. ನಿಂತಾಗ ಮೊಣಕಾಲು ಸಡಿಲ ಬಿಡಿ, ಬೆರಳು ಆಡಿಸುತ್ತಿರಿ. ಕಣ್ಣು ಮಂಜಾದರೆ ಅಲ್ಲೇ ಕೂಡಿ. ಬಿದ್ದವರನ್ನು ಎತ್ತಿ ನಿಲ್ಲಿಸಬೇಡಿ, ನೆರಳಿಗೆ ಮಲಗಿಸಿ ಕಾಲು ಮೇಲೆ ಮಾಡಿ. ಆ ದಿನದ ಉಪವಾಸವನ್ನು ಸಾಧ್ಯವಾದರೆ ಶನಿವಾರಕ್ಕೂ ಮುಂದುವರಿಸಿ ಎಂದು ಎರಡನೇ ವ್ಯಾಟಿಕನ್ ಮಹಾಸಭೆ 1963ರಲ್ಲಿ ಹೇಳಿತು. ಕಡ್ಡಾಯ ಅಲ್ಲ. ಶನಿವಾರ ರಾತ್ರಿಯ ಈಸ್ಟರ್ ಜಾಗರಣೆ ಮುಗಿದು ಮಧ್ಯರಾತ್ರಿ ಬಿರಿಯಾನಿಗೆ ಕೈ ಹಾಕುವವರಿಗೆ ಒಂದೇ ಸೂಚನೆ: ಎರಡು ತುತ್ತು ಸಾಕು, ಉಳಿದದ್ದು ಬೆಳಗ್ಗೆ.

ಉಪನ್ಯಾಸದ ನಂತರ ಬಂದ ಪ್ರಶ್ನೆಗಳಲ್ಲಿ ಎರಡು ಎಲ್ಲರಿಗೂ ಉಪಯೋಗ. ನಲವತ್ತು ದಿನಕ್ಕೆಂದು ಬಿಟ್ಟದ್ದನ್ನು ರವಿವಾರ ತಿನ್ನಬಹುದೇ? ತಿನ್ನಬಹುದು, ಅದು ಹಬ್ಬದ ದಿನ. ಕುಡಿತ, ತಂಬಾಕು ಬಿಡುತ್ತಿರುವವರು ಮಾತ್ರ ರವಿವಾರಕ್ಕೂ ಬಾಗಿಲು ತೆರೆಯದಿರುವುದು ಒಳ್ಳೆಯದು, ಒಂದು ದಿನದ ಬಿಡುವಿನಿಂದ ಆರು ದಿನದ ಕಷ್ಟ ಮತ್ತೆ ಮೊದಲಿಂದ ಶುರುವಾಗುತ್ತದೆ. ಶುಕ್ರವಾರ ಎಂಬುದು ಮರೆತು ಕೋಳಿ ತಿಂದರೆ? ಮರೆತದ್ದು ಪಾಪವಲ್ಲ. ನೆನಪಾದ ಕೂಡಲೇ ನಿಲ್ಲಿಸಿ, ಪಾತ್ರೆಯಲ್ಲಿ ಉಳಿದದ್ದನ್ನು ಚೆಲ್ಲಬೇಡಿ, ಫ್ರಿಜ್ಜಿನಲ್ಲಿಟ್ಟು ಶನಿವಾರ ಬಿಸಿ ಮಾಡಿ ಉಣ್ಣಿ. ಕ್ಯಾಲೆಂಡರಿನ ಚೌಕದಲ್ಲಿ ಆ ದಿನದ ಅಂಕಿ ಸೊನ್ನೆ ಅಂತಲೇ ಬರೆಯಿರಿ.